ಹಿಮಗಿರಿಯಿಂದ ಪೇತ್ರರ ಪೀಠಕ್ಕೆ
ಪರ್ವತಾರೋಹಿ ಗುರು, ಜಗದ್ಗುರು ಹನ್ನೊಂದನೆಯ ಪಿಯುಸ್‌ರವರ ಜೀವನ

ಪವಿತ್ರ ಗ್ರಂಥವನ್ನು ಶ್ರದ್ಧೆಯಿಂದ ಓದುವವರಿಗೆ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸುತ್ತದೆ. ದೇವರು ಮಾನವನೊಡನೆ ಮಾತನಾಡಲು ಬಯಸಿದಾಗಲೆಲ್ಲ ಬಹುಮಟ್ಟಿಗೆ ಬೆಟ್ಟವೊಂದನ್ನು ಆರಿಸಿಕೊಂಡಿದ್ದಾರೆ. ಮೋಶೆಗೆ ಸೀನಾಯ್, ಎಲೀಯನಿಗೆ ಹೋರೇಬ್, ಶಿಷ್ಯರಿಗೆ ತಾಬೋರ್. ನಮ್ಮ ರಕ್ಷಕರಾದ ಯೇಸುಸ್ವಾಮಿಯವರೂ ಜನಸಂದಣಿಯಿಂದ ಬಿಡಿಸಿಕೊಂಡು ಪ್ರಾರ್ಥಿಸಲು ಬೆಟ್ಟವನ್ನೇರುತ್ತಿದ್ದರು. ಅವರ ಬಲಿ ನೆರವೇರಿದ್ದೂ ಒಂದು ದಿಣ್ಣೆಯ ಮೇಲೆಯೇ. ಆದರೆ ಹಾಗೆ ಏರಿದವರಲ್ಲಿ ಯಾರೂ ಮೇಲೆಯೇ ಉಳಿಯಲಿಲ್ಲ. ಎಲ್ಲರೂ ಇಳಿದು ಬಂದು, ಕೆಳಗೆ ಕಾದಿದ್ದ ಜನರ ಕಷ್ಟಸುಖಗಳಿಗೆ ಹೆಗಲು ಕೊಟ್ಟರು.

ನಮ್ಮ ಉಪ್ಪಾರಪೇಟೆಯಲ್ಲಿ ನಿಂತವನ ಕಣ್ಣಿಗೆ ಬೆಟ್ಟ ಕಾಣಿಸುವುದಿಲ್ಲ. ಕಾಣುವುದು ಅಂಗಡಿ ಸಾಲು, ವಸತಿಗೃಹಗಳು, ಬಸ್ಸು ಹಿಡಿಯಲು ಧಾವಿಸುವ ಜನ. ಆದರೂ ಶನಿವಾರ ರಾತ್ರಿಗಳಲ್ಲಿ ಕೆಂಪೇಗೌಡ ಬಸ್ ನಿಲ್ದಾಣದ ಕಡೆ ಹೋದರೆ ಬೆನ್ನಿಗೆ ಚೀಲ ಬಿಗಿದ ಯುವಕ ಯುವತಿಯರ ಗುಂಪುಗಳು ಕಾಣಸಿಗುತ್ತವೆ. ನಂದಿಬೆಟ್ಟವೋ, ಸಾವನದುರ್ಗವೋ, ಶಿವಗಂಗೆಯೋ, ದೂರದ ಮುಳ್ಳಯ್ಯನಗಿರಿಯೋ ಅವರ ಗುರಿ. ಅವರಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳೂ ಇದ್ದಾರೆ. ಭಾನುವಾರದ ಬಲಿಪೂಜೆಗೆ ಅವರ ಆಸನ ಖಾಲಿಯಿರುವುದನ್ನು ಕಂಡು ತಂದೆತಾಯಂದಿರು ನನ್ನ ಬಳಿ ಬಂದು ನೊಂದುಕೊಂಡದ್ದುಂಟು. ಬೆಟ್ಟ ಹತ್ತುವ ಹವ್ಯಾಸವೇ ವಿಶ್ವಾಸಕ್ಕೆ ಶತ್ರುವೇನೋ ಎಂಬ ಸಂಶಯ ಅವರದು. ಈ ಸಂಶಯಕ್ಕೆ ಉತ್ತರವಾಗಿ ಒಬ್ಬ ಗುರುವಿನ ಜೀವನವನ್ನು ಈ ಶತಮಾನೋತ್ಸವ ಸ್ಮರಣ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರು ಯೂರೋಪಿನ ಅತ್ಯುನ್ನತ ಹಿಮಶಿಖರಗಳನ್ನೇರಿದವರು; ಮುಂದೆ ಸಂತ ಪೇತ್ರರ ಉತ್ತರಾಧಿಕಾರಿಯಾಗಿ 17 ವರ್ಷ ಧರ್ಮಸಭೆಯನ್ನು ನಡೆಸಿದವರು. ಅವರ ಆಳ್ವಿಕೆಯ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ, ಅವರ ಹೆಸರನ್ನು ಮಾತ್ರ ಮರೆತಿದ್ದೇವೆ.

ರೇಷ್ಮೆ ಕಾರ್ಖಾನೆಯ ಅಂಗಳದಲ್ಲಿ

ಇಟಲಿಯ ಉತ್ತರಕ್ಕೆ, ಮಿಲಾನ್ ಮಹಾನಗರದ ಸಮೀಪ, ದೇಸಿಯೊ ಎಂಬ ಊರಿದೆ. ಅಲ್ಲಿ 1857ನೆಯ ಇಸವಿ ಮೇ 31ರಂದು ಫ್ರಾನ್ಸೆಸ್ಕೊ ರತ್ತಿ ಮತ್ತು ತೆರೇಸಾ ಗಲ್ಲಿ ದಂಪತಿಗಳಿಗೆ ಜನಿಸಿದ ಗಂಡುಮಗುವಿಗೆ ಅಕಿಲ್ಲೆ ಎಂದು ನಾಮಕರಣವಾಯಿತು. ತಂದೆ ರೇಷ್ಮೆ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಾಗಿದ್ದರು. ರೇಷ್ಮೆಗೂಡು, ನೂಲು, ಬಿಸಿನೀರಿನ ಹಬೆ, ಕೂಲಿಯ ಹೆಣ್ಣುಮಕ್ಕಳ ದಣಿವು ಇವೆಲ್ಲ ನಮ್ಮ ರೇಷ್ಮೆಯ ನಾಡಿನವರಿಗೆ ಹೊಸತಲ್ಲ. ಅಂಥದೇ ವಾತಾವರಣದಲ್ಲಿ ಆ ಬಾಲಕ ಬೆಳೆದನು. ಸಿರಿವಂತಿಕೆಯೂ ಇಲ್ಲದ, ಹಸಿವೂ ಇಲ್ಲದ, ದುಡಿಮೆಯನ್ನೇ ನೆಚ್ಚಿದ ಮನೆ ಅದು. ತಾಯಿ ದೃಢಮನಸ್ಸಿನವರು, ಗೃಹಕೃತ್ಯದಲ್ಲಿ ನಿಪುಣೆ, ಪ್ರಾರ್ಥನಾಶೀಲೆ. ಮುಂದೆ ಮಗನಲ್ಲಿ ಕಂಡುಬಂದ ಛಲ ಮತ್ತು ಶಿಸ್ತಿನ ಮೂಲವನ್ನು ಅನೇಕರು ಆ ತಾಯಿಯಲ್ಲಿಯೇ ಗುರುತಿಸಿದ್ದಾರೆ.

ತಂದೆಯ ಸಹೋದರ ದಾಮಿಯಾನೊ ರತ್ತಿಯವರು ಕೋಮೊ ಸರೋವರದ ಬಳಿಯ ಆಸ್ಸೊ ಎಂಬ ಊರಿನಲ್ಲಿ ಧರ್ಮಕೇಂದ್ರದ ಗುರುಗಳಾಗಿದ್ದರು. ಬೇಸಿಗೆಯ ರಜೆಯನ್ನು ಬಾಲಕ ಅಕಿಲ್ಲೆ ಅಲ್ಲಿ ಕಳೆಯುತ್ತಿದ್ದನು. ಸುತ್ತಲೂ ಗಿರಿಗಳು, ಕೆಳಗೆ ನೀಲಿ ಸರೋವರ, ಮನೆಯೊಳಗೆ ಚಿಕ್ಕಪ್ಪನವರ ಜಪತಪ ಮತ್ತು ಗುರುಸೇವೆ. ಬೆಟ್ಟದ ಮೇಲಿನ ಪ್ರೀತಿ ಮತ್ತು ಗುರುದೀಕ್ಷೆಯ ಕರೆ ಎಂಬ ಎರಡು ಬೀಜಗಳು ಒಂದೇ ಮಣ್ಣಿನಲ್ಲಿ ಮೊಳೆತುವು. ಹತ್ತು ವರ್ಷದವನಾಗಿದ್ದಾಗಲೇ ಆತ ಕಿರಿಯ ಗುರುಮಠವನ್ನು ಸೇರಿದನು. ಸೆವೆಸೊ, ಮೊಂಜಾ, ಮಿಲಾನ್‌ಗಳಲ್ಲಿ ಓದು ಮುಗಿಸಿ, ರೋಮಾಪುರಿಗೆ ತೆರಳಿ, 1879ನೆಯ ಇಸವಿ ಡಿಸೆಂಬರ್ 20ರಂದು ಲ್ಯಾಟರನ್ ಮಹಾದೇವಾಲಯದಲ್ಲಿ ಗುರುದೀಕ್ಷೆಯನ್ನು ಪಡೆದರು. ತತ್ತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು ಈ ಮೂರರಲ್ಲಿಯೂ ಡಾಕ್ಟರ್ ಪದವಿಯನ್ನು ಗಳಿಸಿ 1882ರಲ್ಲಿ ಮಿಲಾನಿಗೆ ಮರಳಿದರು.

ಗ್ರಂಥಗಳ ನಡುವೆ, ಮಸಿ ಮೆತ್ತಿದ ಮಕ್ಕಳ ನಡುವೆ

ಕೆಲವೇ ತಿಂಗಳು ಬಾರ್ನಿ ಎಂಬ ಬೆಟ್ಟದೂರಿನ ದೇವಾಲಯದಲ್ಲಿ ಸಹಾಯಕ ಗುರುವಾಗಿದ್ದು, ಆ ಬಳಿಕ ಮಿಲಾನಿನ ಗುರುಮಠದಲ್ಲಿ ಅಧ್ಯಾಪಕರಾದರು. 1888ರಲ್ಲಿ ಆಂಬ್ರೋಸಿಯನ್ ಗ್ರಂಥಾಲಯದ ವಿದ್ವಾಂಸರ ಮಂಡಲಿಗೆ ಸೇರಿಸಿಕೊಳ್ಳಲ್ಪಟ್ಟರು. 17ನೆಯ ಶತಮಾನದ ಆರಂಭದಲ್ಲಿ ಕಾರ್ಡಿನಲ್ ಫೆದೆರಿಕೊ ಬೊರೊಮೆಯೊ ಅವರು ಸ್ಥಾಪಿಸಿದ ಈ ಗ್ರಂಥಾಲಯ ಹಸ್ತಪ್ರತಿಗಳ ಭಂಡಾರವೆಂದು ಜಗತ್ತಿನಲ್ಲೆಲ್ಲ ಹೆಸರಾದುದು. ರತ್ತಿಯವರು ಅಲ್ಲಿ ಸುಮಾರು ಕಾಲು ಶತಮಾನ ದುಡಿದರು. 1907ರಲ್ಲಿ ಅದರ ಮುಖ್ಯಸ್ಥರಾದರು. ಮಿಲಾನಿನ ಧರ್ಮಸಭೆಯ ಪ್ರಾಚೀನ ದಾಖಲೆಗಳನ್ನು ಪರಿಶೋಧಿಸಿ ಬೃಹತ್ ಸಂಪುಟಗಳಾಗಿ ಪ್ರಕಟಿಸಿದರು. ಹುಳು ಹಿಡಿದ ಹಾಳೆಯೊಂದರಲ್ಲಿ ಅಳಿಸಿಹೋದ ಅಕ್ಷರವನ್ನು ಗುರುತಿಸಲು ದಿನಗಟ್ಟಲೆ ಕೂತಿರಬಲ್ಲ ತಾಳ್ಮೆ ಅವರದಾಗಿತ್ತು.

ಆದರೆ ಅವರು ಪುಸ್ತಕದೊಳಗೆ ಹುದುಗಿಹೋದ ಪಂಡಿತರಾಗಿರಲಿಲ್ಲ. ಸೆನಾಕಲ್ ಸಭೆಯ ಧರ್ಮಭಗಿನಿಯರ ಮಠದಲ್ಲಿ ಆಧ್ಯಾತ್ಮಿಕ ಸೇವೆಯನ್ನು ವರ್ಷಗಳ ಕಾಲ ನಡೆಸಿದರು. ಆ ಕಾಲದ ಮಿಲಾನಿನಲ್ಲಿ ಚಳಿಗಾಲ ಬಂತೆಂದರೆ ಬೆಟ್ಟದ ಕಣಿವೆಗಳಿಂದ ಬಡ ಹುಡುಗರು ಇಳಿದುಬರುತ್ತಿದ್ದರು. ಮನೆಗಳ ಹೊಗೆಗೂಡುಗಳೊಳಗೆ ತೂರಿಕೊಂಡು ಮಸಿ ಕೆರೆಯುವುದು ಅವರ ಕೆಲಸ. ಮೈಯೆಲ್ಲ ಕಪ್ಪು, ಹೊಟ್ಟೆ ಖಾಲಿ, ಅಕ್ಷರದ ಗಂಧವಿಲ್ಲ. ಈ ಮಕ್ಕಳನ್ನು ಒಟ್ಟುಗೂಡಿಸಿ ಜ್ಞಾನೋಪದೇಶ ಕಲಿಸಿ, ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುವ ಹೊಣೆಯನ್ನು ಮೂರು ಡಾಕ್ಟರ್ ಪದವಿಗಳ ಈ ಗುರು ಸಂತೋಷದಿಂದ ಹೊತ್ತರು. ಬೇಸಿಗೆಯಲ್ಲಿ ತಾವು ಯಾವ ಬೆಟ್ಟಗಳನ್ನು ಆನಂದಕ್ಕಾಗಿ ಹತ್ತುತ್ತಿದ್ದರೋ ಅಂಥ ಬೆಟ್ಟಗಳಿಂದ ಚಳಿಗಾಲದಲ್ಲಿ ಹೊಟ್ಟೆಪಾಡಿಗಾಗಿ ಇಳಿದುಬಂದ ಮಕ್ಕಳಿಗೆ ಅವರು ತಮ್ಮ ಸಂಜೆಗಳನ್ನು ಕೊಟ್ಟರು. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಮೋಂತೆ ರೋಜಾ: ಬಂಡೆಯ ಅಂಚಿನಲ್ಲಿ ಒಂದು ಇರುಳು

ಆಕಾಶ ತಿಳಿಯಾಗಿರುವ ದಿನ ಮಿಲಾನಿನಿಂದ ನೋಡಿದರೆ ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಮೋಂತೆ ರೋಜಾ ಎಂಬ ಹಿಮರಾಶಿ ಕಂಗೊಳಿಸುತ್ತದೆ. ಅದರ ಅತ್ಯುನ್ನತ ಶಿಖರವಾದ ದುಫೂರ್ 4,634 ಮೀಟರ್ ಎತ್ತರವಿದೆ. ನಮ್ಮ ನಂದಿಬೆಟ್ಟ ಸುಮಾರು 1,478 ಮೀಟರ್, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಅದರ ಔನ್ನತ್ಯ ಅರಿವಾದೀತು. ಪೂರ್ವ ದಿಕ್ಕಿನಲ್ಲಿ, ಮಕುಞ್ಞಾಗ ಎಂಬ ಹಳ್ಳಿಯ ಮೇಲೆ, ಈ ಪರ್ವತ ಎರಡು ಸಾವಿರ ಮೀಟರಿಗೂ ಮಿಕ್ಕಿದ ಹಿಮದ ಗೋಡೆಯಾಗಿ ನಿಂತಿದೆ. ಆ ಗೋಡೆಯನ್ನು ಮೊಟ್ಟಮೊದಲು ಹತ್ತಿದ್ದು 1872ರಲ್ಲಿ, ಇಂಗ್ಲಿಷ್ ಆರೋಹಿಗಳು. ಅವರಿಗೆ ದಾರಿ ತೋರಿಸಿದವನು ಫರ್ಡಿನಾಂಡ್ ಇಮ್ಸೆಂಗ್ ಎಂಬ ಮಾರ್ಗದರ್ಶಿ. ಅದೇ ಇಮ್ಸೆಂಗ್ 1881ರಲ್ಲಿ ದಾಮಿಯಾನೊ ಮಾರಿನೆಲ್ಲಿ ಎಂಬ ಇಟಲಿಯ ಆರೋಹಿಯೊಡನೆ ಅದೇ ಗೋಡೆಯಲ್ಲಿ ಹಿಮಪಾತಕ್ಕೆ ಸಿಕ್ಕಿ ಮಡಿದನು. ಇನ್ನೊಬ್ಬ ಮಾರ್ಗದರ್ಶಿಯೂ ಅವರೊಡನೆ ಸತ್ತನು. ಬೆಟ್ಟ ಎಂಥ ಅನುಭವಿಗೂ ವಿನಾಯಿತಿ ಕೊಡುವುದಿಲ್ಲ.

ರತ್ತಿಯವರು 1888ರಲ್ಲಿ ಇಟಲಿಯ ಪರ್ವತಾರೋಹಿಗಳ ಸಂಘದ ಮಿಲಾನ್ ಶಾಖೆಯ ಸದಸ್ಯರಾಗಿದ್ದರು. ಮರುವರ್ಷ, ತಮ್ಮ 32ನೆಯ ವಯಸ್ಸಿನಲ್ಲಿ, ಗೆಳೆಯರೂ ಸಹ ಗುರುಗಳೂ ಆದ ಲುಯಿಜಿ ಗ್ರಸ್ಸೆಲ್ಲಿಯವರೊಡನೆ ಈ ಪೂರ್ವದ ಗೋಡೆಯನ್ನೇರಲು ನಿಶ್ಚಯಿಸಿದರು. ಜುಸೆಪ್ಪೆ ಗದೀನ್ ಎಂಬ ಮಾರ್ಗದರ್ಶಿಯೂ ಅಲೆಸ್ಸಿಯೊ ಪ್ರೊಮಾಂ ಎಂಬ ಹೊರೆಯಾಳೂ ಅವರ ಜೊತೆಗಾರರು. 1889ನೆಯ ಇಸವಿ ಜುಲೈ 29ರ ಸೋಮವಾರ ಅವರು ಮಕುಞ್ಞಾಗವನ್ನು ಬಿಟ್ಟು, ಮಡಿದ ಮಾರಿನೆಲ್ಲಿಯ ಹೆಸರನ್ನೇ ಹೊತ್ತ ಗುಡಿಸಲಿನಲ್ಲಿ ತಂಗಿದರು. ಅಲ್ಲಿಂದ ಹೊರಟದ್ದು ರಾತ್ರಿ ಒಂದು ಗಂಟೆಯ ಹೊತ್ತಿಗೆ. ಇದಕ್ಕೆ ಕಾರಣವಿದೆ. ಗುಡಿಸಲಿನಾಚೆ ಹಿಮಬಂಡೆಗಳು ಉರುಳುವ ಕಡಿದಾದ ಕೊರಕಲೊಂದನ್ನು ಅಡ್ಡಹಾಯಬೇಕು. ಸೂರ್ಯನ ಬಿಸಿ ತಾಕಿದರೆ ಮೇಲಿನ ಹಿಮ ಸಡಿಲಗೊಂಡು ಕುಸಿಯುತ್ತದೆ. ಇರುಳ ಚಳಿಯಲ್ಲಿ ಅದು ಗಟ್ಟಿಯಾಗಿರುತ್ತದೆ. ಆದ್ದರಿಂದ ಕತ್ತಲೆಯಲ್ಲಿಯೇ, ಒಂದೇ ಹಗ್ಗಕ್ಕೆ ನಾಲ್ವರೂ ಕಟ್ಟಿಕೊಂಡು, ಲಾಂದ್ರದ ಬೆಳಕಿನಲ್ಲಿ ದಾಟಬೇಕು.

ಏರು ಸುದೀರ್ಘವಾಯಿತು. ಮಂಜುಗಡ್ಡೆಯಲ್ಲಿ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತ, ಬಿರುಕುಗಳನ್ನು ಬಳಸುತ್ತ ಸಾಗಿದ ಅವರು ಶಿಖರದ ಪೂರ್ವ ತುದಿಯನ್ನು ಮುಟ್ಟಿದಾಗ ಸಂಜೆ ಏಳೂವರೆ ದಾಟಿತ್ತು. ಬೆಳಕು ಆರುತ್ತಿತ್ತು, ತುದಿಯ ಮೇಲೆ ಗಾಳಿ ಸಹಿಸಲಸಾಧ್ಯವಾಗಿತ್ತು. ಕತ್ತಲೆಯಲ್ಲಿ ಮುಂದುವರಿಯುವುದು ಸಾವನ್ನು ಕರೆದಂತೆ. ಆದ್ದರಿಂದ ಸ್ವಲ್ಪ ಕೆಳಗಿಳಿದು, ಕಾಲೂರಲು ಮಾತ್ರ ತಕ್ಕಷ್ಟು ಸ್ಥಳವಿದ್ದ ಬಂಡೆಯ ಅಂಚೊಂದರಲ್ಲಿ ಇರುಳನ್ನು ಕಳೆಯಲು ತೀರ್ಮಾನಿಸಿದರು. ಎತ್ತರ ಸುಮಾರು 4,600 ಮೀಟರ್. ಜೊತೆಗೆ ತಂದಿದ್ದ ಕಾಫಿ ಹೆಪ್ಪುಗಟ್ಟಿತ್ತು. ನಿದ್ದೆ ಹೋದವನು ಮತ್ತೆ ಏಳಲಾರನು. ಆದ್ದರಿಂದ ಕಾಲು ಬಡಿಯುತ್ತ, ಒಬ್ಬರನ್ನೊಬ್ಬರು ಮಾತನಾಡಿಸುತ್ತ ನಾಲ್ವರೂ ಎಚ್ಚರವಾಗಿದ್ದರು. ತಲೆಯ ಮೇಲೆ ನಕ್ಷತ್ರಗಳು, ಪಾದದ ಕೆಳಗೆ ಪ್ರಪಾತ, ಸುತ್ತಲೂ ಅಖಂಡ ಮೌನ. ಆ ಮೌನದ ನಡುವೆ ಎಲ್ಲಿಯೋ ಕೆಳಗೆ ಹಿಮರಾಶಿಯೊಂದು ಗುಡುಗಿನಂತೆ ಕುಸಿದು ಬಿತ್ತು. ಆ ರಾತ್ರಿ ತಮಗೆ ಭೀತಿಗಿಂತ ಹೆಚ್ಚಾಗಿ ದೇವರ ಸರ್ವಶಕ್ತಿಯ ಮತ್ತು ಮಹಿಮೆಯ ದರ್ಶನವಾಯಿತೆಂದು ಅವರು ತಮ್ಮ ಸಂಘದ ಪತ್ರಿಕೆಗೆ ಬರೆದ ವರದಿಯಲ್ಲಿ ನಿವೇದಿಸಿಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಅವರು ದುಫೂರ್ ಶಿಖರವನ್ನು ಸೇರಿದರು. ಬಂದ ದಾರಿಯಲ್ಲಿ ಇಳಿಯದೆ, ಅಲ್ಲಿಯವರೆಗೆ ಯಾರೂ ದಾಟದಿದ್ದ ಝುಮ್‌ಸ್ಟೈನ್ ಕಣಿವೆದಾರಿಯನ್ನು ದಾಟಿ, ಸ್ವಿಟ್ಜರ್ಲೆಂಡಿನ ಹಿಮನದಿಯ ಕಡೆಗಿಳಿದರು. ಮತ್ತೆ ಕತ್ತಲಾಯಿತು, ಮತ್ತೊಂದು ರಾತ್ರಿಯನ್ನು ಬಯಲಿನಲ್ಲಿಯೇ ಕಳೆದು ಆಗಸ್ಟ್ 1ರಂದು ಜೆರ್ಮಾಟ್ ಊರನ್ನು ತಲುಪಿದರು. ಮೋಂತೆ ರೋಜಾದ ಪೂರ್ವದ ಗೋಡೆಯಿಂದ ದುಫೂರ್ ಶಿಖರವನ್ನೇರಿದ ಇಟಲಿಯ ಮೊದಲ ತಂಡ ಅದಾಗಿತ್ತು. ಅದೇ ತಿಂಗಳಿನಲ್ಲಿ ಅವರು 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನೂ ಏರಿದರು. 1890ರಲ್ಲಿ ಆಲ್ಪ್ಸ್‌ನ ಶಿರೋಮಣಿಯಾದ ಮೋಂ ಬ್ಲಾಂ ಶಿಖರವನ್ನೇರಿ, ಇಟಲಿಯ ಪಾರ್ಶ್ವಕ್ಕೆ ಹೊಸದೊಂದು ದಾರಿಯಿಂದ ಇಳಿದರು. ಇಂದಿಗೂ ಆ ಪಾರ್ಶ್ವದಿಂದ ಹೋಗುವ ಆರೋಹಿಗಳು ಸಾಮಾನ್ಯವಾಗಿ ಬಳಸುವುದು ಆ ದಾರಿಯನ್ನೇ. ಜನರು ಅದನ್ನು ಪೋಪರ ದಾರಿ ಎಂದೇ ಕರೆಯುತ್ತಾರೆ.

ಬೆಟ್ಟದ ಪಾಠಶಾಲೆ

ರತ್ತಿಯವರ ಪರ್ವತಾರೋಹಣದ ಬರಹಗಳು 1923ರಲ್ಲಿ ಒಂದು ಪುಸ್ತಕವಾಗಿ ಹೊರಬಂದವು. ಅವುಗಳನ್ನು ಓದಿದವರಿಗೆ ಅಲ್ಲಿ ಜಂಬದ ಸುಳಿವೂ ಸಿಗುವುದಿಲ್ಲ. ನಿಜವಾದ ಆರೋಹಣವೆಂದರೆ ಪ್ರಾಣವನ್ನು ಪಣವಿಡುವ ಹುಚ್ಚುಸಾಹಸವಲ್ಲ. ಅದು ವಿವೇಕ, ಪೂರ್ವಸಿದ್ಧತೆ, ಪ್ರಕೃತಿಯ ಮೇಲಿನ ಗೌರವ ಇವುಗಳಿಂದ ಕೂಡಿದ ಅಳೆದ ಧೈರ್ಯವೆಂಬುದು ಅವರ ಅಭಿಪ್ರಾಯವಾಗಿತ್ತು. ಯಾವಾಗ ಮುಂದೆ ಸಾಗಬೇಕು, ಯಾವಾಗ ನಿಂತುಬಿಡಬೇಕು ಎಂಬ ನಿರ್ಣಯವೇ ಬೆಟ್ಟದಲ್ಲಿ ಬದುಕನ್ನೂ ಸಾವನ್ನೂ ಬೇರ್ಪಡಿಸುತ್ತದೆ. ಬಂಡೆಯ ಅಂಚಿನಲ್ಲಿ ನಿಂತು ಬೆಳಗನ್ನು ಕಾಯುವುದು ಸೋಲೇನೂ ಅಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಪಂಡಿತನಿಗೂ ಹೊರೆಯಾಳಿಗೂ ಭೇದವಿಲ್ಲ; ಒಬ್ಬನ ಹೆಜ್ಜೆ ತಪ್ಪಿದರೆ ಎಲ್ಲರೂ ಜಾರುವರು, ಒಬ್ಬನು ಗಟ್ಟಿಯಾಗಿ ನಿಂತರೆ ಎಲ್ಲರೂ ಉಳಿಯುವರು. ಧರ್ಮಸಭೆ ಏನೆಂಬುದನ್ನು ಇದಕ್ಕಿಂತ ಸರಳವಾಗಿ ವಿವರಿಸಲು ನನಗಂತೂ ಬಾರದು.

ವಾರ್ಸಾದಿಂದ ವ್ಯಾಟಿಕನ್ನಿಗೆ

ಗ್ರಂಥಾಲಯದ ಮೌನದಲ್ಲಿಯೇ ಅವರ ಆಯುಷ್ಯ ಮುಗಿಯಬಹುದಿತ್ತು. 1914ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥರಾದ ಅವರಿಗೆ ಅದಕ್ಕಿಂತ ಹೆಚ್ಚಿನ ಆಸೆಯೂ ಇರಲಿಲ್ಲ. ಆದರೆ 1918ರಲ್ಲಿ, 61ರ ಹತ್ತಿರದ ವಯಸ್ಸಿನಲ್ಲಿ, ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಅವರನ್ನು ಯುದ್ಧದಿಂದ ಜರ್ಝರಿತವಾಗಿದ್ದ ಪೋಲೆಂಡಿಗೆ ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು. ಮರುವರ್ಷ ವಾರ್ಸಾ ನಗರದಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. 1920ರ ಆಗಸ್ಟ್‌ನಲ್ಲಿ ಕೆಂಪು ಸೇನೆ ರಾಜಧಾನಿಯ ಬಾಗಿಲಿಗೆ ಬಂದಾಗ ಬಹುತೇಕ ರಾಯಭಾರಿಗಳು ನಗರವನ್ನು ತೊರೆದರು. ರತ್ತಿಯವರು ಹೊರಡಲು ಒಪ್ಪದೆ ಜನರೊಡನೆ ಅಲ್ಲಿಯೇ ಉಳಿದರು. ನಗರ ಉಳಿಯಿತು. ಆದರೆ ಮರುವರ್ಷ ಗಡಿಪ್ರಾಂತವೊಂದರ ವಿವಾದದಲ್ಲಿ ನಿಷ್ಪಕ್ಷಪಾತವಾಗಿರಲು ಹೋಗಿ ಜರ್ಮನರ ಅಸಮಾಧಾನಕ್ಕೂ ಪೋಲರ ಅಸಮಾಧಾನಕ್ಕೂ ಗುರಿಯಾಗಿ, ನೊಂದ ಮನಸ್ಸಿನಿಂದ ಹಿಂದಿರುಗಬೇಕಾಯಿತು.

1921ರಲ್ಲಿ ಅವರು ಕಾರ್ಡಿನಲ್ ಆಗಿ, ತಮ್ಮ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಅಲ್ಲಿ ಐದು ತಿಂಗಳೂ ತುಂಬಿರಲಿಲ್ಲ. 1922ನೆಯ ಇಸವಿ ಫೆಬ್ರವರಿ 6ರಂದು 14ನೆಯ ಮತದಾನದಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದರು. ಹನ್ನೊಂದನೆಯ ಪಿಯುಸ್ ಎಂಬ ನಾಮವನ್ನು ಧರಿಸಿದ ಅವರು ಮಾಡಿದ ಮೊದಲ ಕೆಲಸವೇ ಎಲ್ಲರನ್ನೂ ಬೆರಗುಗೊಳಿಸಿತು. ರೋಮಾಪುರಿ ಇಟಲಿ ರಾಜ್ಯದ ವಶವಾದ 1870ರಿಂದ ಯಾವ ಜಗದ್ಗುರುವೂ ಸಂತ ಪೇತ್ರರ ಮಹಾದೇವಾಲಯದ ಹೊರಮೊಗಸಾಲೆಗೆ ಬಂದು ಜನತೆಗೆ ಆಶೀರ್ವಾದ ಮಾಡಿರಲಿಲ್ಲ. ಹೊಸ ಜಗದ್ಗುರುಗಳು ಆ ಬಾಗಿಲನ್ನು ತೆರೆಸಿ, ಹೊರಗೆ ನಿಂತು, ಸಮಸ್ತ ಲೋಕಕ್ಕೆ ಆಶೀರ್ವಾದವಿತ್ತರು.

ಆದರೆ ಬೆಟ್ಟಗಳ ಬಾಗಿಲು ಅವರಿಗೆ ಮುಚ್ಚಿತು. 1929ರಲ್ಲಿ ಲ್ಯಾಟರನ್ ಒಪ್ಪಂದವಾಗುವವರೆಗೆ ಜಗದ್ಗುರುಗಳು ವ್ಯಾಟಿಕನ್ನಿನ ಗೋಡೆಯಾಚೆ ಕಾಲಿಡುವಂತಿರಲಿಲ್ಲ. ಯೂರೋಪಿನ ನೆತ್ತಿಯ ಮೇಲೆ ನಡೆದಾಡಿದ್ದ ಮನುಷ್ಯ ಏಳು ವರ್ಷ ಒಂದು ಉದ್ಯಾನದ ಸುತ್ತ ನಡೆದು ತೃಪ್ತಿಪಟ್ಟುಕೊಂಡರು. ಹಳೆಯ ಪ್ರೀತಿಯನ್ನು ಮಾತ್ರ ಮರೆಯಲಿಲ್ಲ. 1923ರ ಆಗಸ್ಟ್‌ನಲ್ಲಿ, ಹಿಮದಲ್ಲಿ ದಾರಿ ತಪ್ಪಿದ ಪಯಣಿಗರಿಗಾಗಿ ಕಣಿವೆದಾರಿಯಲ್ಲಿ ಆಶ್ರಯಧಾಮವನ್ನು ಕಟ್ಟಿದ ಸಂತ ಮೆಂತೋನಿನ ಬರ್ನಾರ್ಡರನ್ನು ಆಲ್ಪ್ಸ್ ನಿವಾಸಿಗಳಿಗೂ ಪರ್ವತಾರೋಹಿಗಳಿಗೂ ಪಾಲಕ ಸಂತರೆಂದು ಘೋಷಿಸಿದರು. 1929ನೆಯ ಇಸವಿ ಡಿಸೆಂಬರ್ 20ರಂದು ಅವರು ವ್ಯಾಟಿಕನ್ನಿನಿಂದ ಹೊರಬಂದು, ಸರಿಯಾಗಿ 50 ವರ್ಷಗಳ ಹಿಂದೆ ಗುರುದೀಕ್ಷೆ ಪಡೆದಿದ್ದ ಲ್ಯಾಟರನ್ ಮಹಾದೇವಾಲಯದಲ್ಲಿ ಬಲಿಪೂಜೆಯನ್ನರ್ಪಿಸಿದರು.

ನಮಗೂ ಅವರಿಗೂ ಇರುವ ನಂಟು

ಉಪ್ಪಾರಪೇಟೆಗೂ ಈ ಜಗದ್ಗುರುಗಳಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಪ್ರತಿವರ್ಷ ನಾವು ಪೂಜಾವರ್ಷದ ಕೊನೆಯ ಭಾನುವಾರ ಆಚರಿಸುವ ಕ್ರಿಸ್ತರಾಜರ ಮಹೋತ್ಸವವನ್ನು 1925ರಲ್ಲಿ ಸ್ಥಾಪಿಸಿದವರು ಅವರೇ. ಸಾಮ್ರಾಜ್ಯಗಳು ಕುಸಿದು ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದ ಹೊತ್ತಿನಲ್ಲಿ, ಮಾನವನ ಹೃದಯಕ್ಕೆ ಒಡೆಯರು ಕ್ರಿಸ್ತರೊಬ್ಬರೇ ಎಂದು ಸಾರುವುದು ಅವರ ಉದ್ದೇಶವಾಗಿತ್ತು. ನಮ್ಮ ಮನೆಮನೆಗಳಲ್ಲಿ ಪೂಜಿತಳಾದ ಬಾಲಯೇಸುವಿನ ಸಂತ ತೆರೇಸಮ್ಮನವರನ್ನು 1925ರಲ್ಲಿ ಸಂತರ ಪದವಿಗೇರಿಸಿ, 1927ರಲ್ಲಿ ಧರ್ಮಪ್ರಚಾರದ ಪಾಲಕಿಯೆಂದು ಘೋಷಿಸಿದವರೂ ಅವರೇ. ಅಕ್ಟೋಬರ್ ತಿಂಗಳಿನಲ್ಲಿ ನಾವು ಕಾಣಿಕೆ ಸಲ್ಲಿಸುವ ಧರ್ಮಪ್ರಚಾರ ಭಾನುವಾರವೂ 1926ರಲ್ಲಿ ಅವರಿಂದಲೇ ಆರಂಭವಾಯಿತು.

ಇವೆಲ್ಲಕ್ಕಿಂತ ಮಿಗಿಲಾದ ಉಪಕಾರ ಇನ್ನೊಂದಿದೆ. ಏಷ್ಯ, ಆಫ್ರಿಕ ಖಂಡಗಳ ಧರ್ಮಸಭೆ ಯೂರೋಪಿನ ಗುರುಗಳ ಆಶ್ರಯದಲ್ಲಿಯೇ ಎಂದೆಂದಿಗೂ ಇರತಕ್ಕದ್ದಲ್ಲ, ಆಯಾ ನಾಡಿನ ಮಕ್ಕಳೇ ಆಯಾ ನಾಡಿನ ಗುರುಗಳೂ ಧರ್ಮಾಧ್ಯಕ್ಷರೂ ಆಗಬೇಕೆಂಬುದು ಅವರ ಅಚಲ ನಿಲುವು. 1923ರಲ್ಲಿ ತೂತ್ತುಕುಡಿಯ ಧರ್ಮಕ್ಷೇತ್ರಕ್ಕೆ ಭಾರತೀಯರಾದ ತಿಬುರ್ಸಿಯುಸ್ ರೋಚ್‌ರವರನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಅದೇ ವರ್ಷ ಕೇರಳದ ಸೀರೋ ಮಲಬಾರ್ ಧರ್ಮಸಭೆಗೆ ತನ್ನದೇ ಆದ ಧರ್ಮಾಧ್ಯಕ್ಷ ಶ್ರೇಣಿಯನ್ನು ಕೊಟ್ಟರು. 1926ರಲ್ಲಿ ಆರು ಮಂದಿ ಚೀನೀ ಗುರುಗಳಿಗೆ ರೋಮಾಪುರಿಯಲ್ಲಿ ತಮ್ಮ ಕೈಯಿಂದಲೇ ಧರ್ಮಾಧ್ಯಕ್ಷ ದೀಕ್ಷೆಯನ್ನಿತ್ತರು. ಅವರ ಕಾಲದಲ್ಲಿಯೇ, 1928ರಲ್ಲಿ, ಮಂಗಳೂರು ಧರ್ಮಕ್ಷೇತ್ರ ವಲೇರಿಯನ್ ಡಿಸೋಜರವರಲ್ಲಿ ತನ್ನ ಮಣ್ಣಿನ ಧರ್ಮಾಧ್ಯಕ್ಷರನ್ನು ಕಂಡಿತು.

ಬಡ ದೇಶಗಳ ಗುರುಮಠಗಳಿಗೆ ನೆರವಾಗಲು ಫ್ರಾನ್ಸಿನ ತಾಯಿ ಮಗಳಿಬ್ಬರು 1889ರಲ್ಲಿ, ಎಂದರೆ ರತ್ತಿಯವರು ಮೋಂತೆ ರೋಜಾವನ್ನೇರಿದ ವರ್ಷದಲ್ಲಿಯೇ, ಸಂತ ಪೇತ್ರರ ಹೆಸರಿನ ಸಂಸ್ಥೆಯೊಂದನ್ನು ಆರಂಭಿಸಿದ್ದರು. 1922ರಲ್ಲಿ ಹನ್ನೊಂದನೆಯ ಪಿಯುಸ್‌ರವರು ಅದನ್ನು ಪೋಪರ ಪೀಠದ ಅಧಿಕೃತ ಸಂಸ್ಥೆಯನ್ನಾಗಿ ಮಾಡಿದರು. 1778ರಲ್ಲಿ ಪಾಂಡಿಚೇರಿಯಲ್ಲಿ ಹುಟ್ಟಿದ ಗುರುಮಠ ನಮ್ಮ ಮಲ್ಲೇಶ್ವರಕ್ಕೆ ಬಂದು ಸಂತ ಪೇತ್ರರ ಗುರುಮಠವಾಗಿ ನೆಲೆಸಿದ್ದು ಅವರ ಆಳ್ವಿಕೆಯ 1934ರಲ್ಲಿ. ಅಂದಿನಿಂದ ಕನ್ನಡ, ತಮಿಳು, ತೆಲುಗು ನಾಡುಗಳ ಎಷ್ಟು ಮಂದಿ ಹಳ್ಳಿಯ ಹುಡುಗರು ಆ ಅಂಗಳದಿಂದ ಗುರುಗಳಾಗಿ ಹೊರಬಂದರೋ! ಅವರಲ್ಲಿ ಅಲ್ಪನಾದ ನಾನೂ ಒಬ್ಬ. ರಜೆಯ ದಿನ ನಾವು ಕೆಲವರು ಬೆಳಗಿನ ಬಲಿಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ನಂದಿಬೆಟ್ಟಕ್ಕೆ ಹೋಗುತ್ತಿದ್ದೆವು. ಮೆಟ್ಟಿಲುಗಳ ದಾರಿಯಲ್ಲಿ ಏದುಸಿರು ಬಿಡುತ್ತಿದ್ದ ನಮಗೆ ನಮ್ಮ ಗುರುವರ್ಯರೊಬ್ಬರು ಹೇಳಿದ ಕಥೆಯೇ ಇದು. ಅಂದು ಕಥೆಯಾಗಿ ಕೇಳಿದ್ದನ್ನು, ತಲೆ ನರೆತ ಮೇಲೆ, ನಾನು ಋಣವಾಗಿ ಕಾಣುತ್ತಿದ್ದೇನೆ. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾದುದೂ, 1942ರಲ್ಲಿ ತೋಮಸ್ ಪೋತಕಮೂರಿಯವರು ಅದರ ಮೊದಲ ಭಾರತೀಯ ಧರ್ಮಾಧ್ಯಕ್ಷರಾದುದೂ ಅವರ ಮರಣಾನಂತರದ ಸಂಗತಿಗಳು. ಆದರೆ ಅದಕ್ಕೆ ಮೆಟ್ಟಿಲು ಕಡಿದವರು ಅವರು.

ಕೊನೆಯ ಆರೋಹಣ

ಈ ಜೀವನವನ್ನು ಬರೀ ಜಯಗಳ ಪಟ್ಟಿಯಾಗಿ ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಅವರು ಮುಂಗೋಪಿಗಳು, ಆಜ್ಞೆ ಮಾಡಿದರೆ ಎದುರಾಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಧರ್ಮಸಭೆಯ ಸ್ವಾತಂತ್ರ್ಯವನ್ನು ಕಾಪಾಡುವ ಆಸೆಯಿಂದ 1929ರಲ್ಲಿ ಮುಸೊಲಿನಿಯ ಸರ್ಕಾರದೊಡನೆಯೂ, 1933ರಲ್ಲಿ ಹಿಟ್ಲರನ ಸರ್ಕಾರದೊಡನೆಯೂ ಒಪ್ಪಂದ ಮಾಡಿಕೊಂಡರು. ಆ ಒಪ್ಪಂದಗಳಿಂದ ಸರ್ವಾಧಿಕಾರಿಗಳಿಗೆ ಅನರ್ಹವಾದ ಗೌರವ ದೊರೆಯಿತೆಂದು ಇತಿಹಾಸಕಾರರು ಆಕ್ಷೇಪಿಸುತ್ತಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು. ಕೊಟ್ಟ ಮಾತನ್ನು ಎದುರು ಪಕ್ಷ ಒಂದೊಂದಾಗಿ ಮುರಿಯತೊಡಗಿದಾಗ ತಾವು ಕಾಲಿಟ್ಟ ಹಿಮ ಟೊಳ್ಳೆಂಬುದು ಅವರಿಗೆ ಅರಿವಾಯಿತು.

ಅರಿವಾದ ಮೇಲೆ ಅವರು ಸುಮ್ಮನಿರಲಿಲ್ಲ. 1936ರ ಕೊನೆಯಲ್ಲಿ ಹೃದಯದ ಮತ್ತು ಕಾಲಿನ ತೀವ್ರ ವ್ಯಾಧಿಯಿಂದ ಹಾಸಿಗೆ ಹಿಡಿದರು. ಎಷ್ಟೋ ಶಿಖರಗಳನ್ನು ಮೆಟ್ಟಿದ ಕಾಲುಗಳು ಕೋಣೆಯನ್ನು ದಾಟಲಾರದಾದವು. ಆ ಸ್ಥಿತಿಯಲ್ಲಿಯೇ 1937ರ ಮಾರ್ಚ್‌ನಲ್ಲಿ ಜರ್ಮನಿಯ ಕಥೋಲಿಕರಿಗಾಗಿ ಪರಿಪತ್ರವೊಂದನ್ನು, ರೂಢಿಯಂತೆ ಲತೀನಿನಲ್ಲಿ ಅಲ್ಲದೆ ಜರ್ಮನ್ ಭಾಷೆಯಲ್ಲಿಯೇ, ಹೊರಡಿಸಿದರು. ಜನಾಂಗವನ್ನೂ ರಾಷ್ಟ್ರವನ್ನೂ ದೇವರ ಸ್ಥಾನದಲ್ಲಿ ಕೂರಿಸುವುದು ವಿಗ್ರಹಾರಾಧನೆಯೆಂದು ಅದರಲ್ಲಿ ಖಂಡಿಸಿದರು. ಅದನ್ನು ಗುಪ್ತವಾಗಿ ಜರ್ಮನಿಯೊಳಕ್ಕೆ ಸಾಗಿಸಿ, ಗುಟ್ಟಾಗಿ ಅಚ್ಚು ಹಾಕಿ, ಗರಿಗಳ ಭಾನುವಾರ ದೇವಾಲಯಗಳ ಪೀಠಗಳಿಂದ ಓದಲಾಯಿತು. ಅದೇ ತಿಂಗಳಿನಲ್ಲಿ ನಾಸ್ತಿಕ ಕಮ್ಯೂನಿಸಂ ಅನ್ನೂ ಮತ್ತೊಂದು ಪರಿಪತ್ರದಲ್ಲಿ ವಿರೋಧಿಸಿದರು. 1938ರ ಮೇ ತಿಂಗಳಿನಲ್ಲಿ ಹಿಟ್ಲರನು ರೋಮಾಪುರಿಗೆ ಬಂದಾಗ ಜಗದ್ಗುರುಗಳು ವ್ಯಾಟಿಕನ್ ವಸ್ತುಸಂಗ್ರಹಾಲಯವನ್ನು ಮುಚ್ಚಿಸಿ, ಕಸ್ತೆಲ್ ಗಂದೊಲ್ಫೊದ ಬೆಟ್ಟದ ನಿವಾಸಕ್ಕೆ ತೆರಳಿಬಿಟ್ಟರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ದೇಶದ ಯಾತ್ರಿಕರೊಡನೆ ಮಾತನಾಡುತ್ತ, ಅಬ್ರಹಾಮನನ್ನು ಪಿತನೆಂದು ಕರೆಯುವ ಕ್ರೈಸ್ತರಿಗೆ ಯೆಹೂದ್ಯ ದ್ವೇಷ ಸಲ್ಲದೆಂದು ಕಣ್ಣೀರಿನೊಡನೆ ತಿಳಿಹೇಳಿದರು.

ಜನಾಂಗ ದ್ವೇಷವನ್ನು ಸಂಪೂರ್ಣವಾಗಿ ಖಂಡಿಸುವ ಇನ್ನೊಂದು ಪರಿಪತ್ರದ ಕರಡನ್ನು ಸಿದ್ಧಪಡಿಸುವಂತೆ 1938ರ ಜೂನ್‌ನಲ್ಲಿಯೇ ಅವರು ಅಮೆರಿಕದ ಯೇಸುಸಭೆಯ ಗುರು ಜಾನ್ ಲಫಾರ್ಜ್‌ರವರಿಗೆ ಆದೇಶಿಸಿದ್ದರು. ಆ ಕರಡು ಅವರ ಕೈಸೇರುವುದು ತಡವಾಯಿತು. ಅದು ಪ್ರಕಟವಾಗಲೇ ಇಲ್ಲ. 1939ನೆಯ ಇಸವಿ ಫೆಬ್ರವರಿ 11ರಂದು, ಲ್ಯಾಟರನ್ ಒಪ್ಪಂದದ ಹತ್ತನೆಯ ವರ್ಷದ ದಿನ, ಇಟಲಿಯ ಧರ್ಮಾಧ್ಯಕ್ಷರೆಲ್ಲರನ್ನೂ ಕರೆಸಿ ಮಾತನಾಡಲು ಸಿದ್ಧರಾಗಿದ್ದರು. ಆ ಒಂದು ದಿನದವರೆಗೆ ತಮ್ಮನ್ನು ಉಳಿಸಿಕೊಳ್ಳುವಂತೆ ವೈದ್ಯರನ್ನು ಬೇಡಿದರೆಂದು ಹೇಳುತ್ತಾರೆ. ಫೆಬ್ರವರಿ 10ರ ಮುಂಜಾನೆ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಈ ಬಾರಿ ಬೆಳಗನ್ನು ಅವರು ಕಂಡದ್ದು ಇನ್ನೊಂದು ಲೋಕದಲ್ಲಿ.

ನಮ್ಮ ಹಗ್ಗ

ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿಲ್ಲ. ನಾನೂ ಹಾಗೆ ಕರೆಯಲಾರೆ. ಅವರ ಕಾಲದಲ್ಲಿಯೇ ಇಟಲಿಯ ಬೆಟ್ಟಗಳನ್ನು ಹತ್ತುತ್ತ, ಬಡವರ ಗುಡಿಸಲುಗಳಿಗೆ ಗುಟ್ಟಾಗಿ ನೆರವನ್ನು ಹೊತ್ತೊಯ್ಯುತ್ತ, 1925ರಲ್ಲಿ 24ನೆಯ ವಯಸ್ಸಿಗೇ ತೀರಿಕೊಂಡ ಪಿಯೆರ್ ಜೋರ್ಜೊ ಫ್ರಸ್ಸಾತಿ ಎಂಬ ತರುಣನನ್ನು 2025ರ ಸೆಪ್ಟೆಂಬರ್‌ನಲ್ಲಿ ಸಂತನೆಂದು ಘೋಷಿಸಲಾಗಿದೆ. ಹೀಗೆ ಜಗದ್ಗುರುವೊಬ್ಬರು, ವಿದ್ಯಾರ್ಥಿಯೊಬ್ಬ, ಇಬ್ಬರೂ ನಮ್ಮ ತರುಣರಿಗೆ ಬೆಟ್ಟದ ದಾರಿಯಲ್ಲಿ ಜೊತೆಗಾರರಾಗಿ ದೊರೆತಿದ್ದಾರೆ.

ಆದ್ದರಿಂದ ನೊಂದ ತಂದೆತಾಯಂದಿರಿಗೆ ನಾನು ಹೇಳುವುದಿಷ್ಟು: ಮಕ್ಕಳು ಬೆಟ್ಟ ಹತ್ತುವುದನ್ನು ತಡೆಯಬೇಡಿ. ತರುಣರಿಗೆ ಹೇಳುವುದೂ ಇಷ್ಟೇ: ಹತ್ತಿರಿ, ಆದರೆ ಕ್ರಿಸ್ತರನ್ನು ಕೆಳಗೆ ಬಿಟ್ಟು ಹತ್ತಬೇಡಿ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿ ಹೊರಡಬಹುದು. ಭಾನುವಾರ ಸಂಜೆಯ ಬಲಿಪೂಜೆಗೆ ದಣಿದ ಕಾಲುಗಳಲ್ಲಿಯೇ ಬರಬಹುದು. ಧೂಳಿನ ಬೂಟು ನೋಡಿ ನಿಮ್ಮನ್ನು ಬಾಗಿಲಲ್ಲಿ ತಡೆಯುವವರು ಇಲ್ಲಿ ಯಾರೂ ಇಲ್ಲ. ಮತ್ತು ಇಳಿದು ಬಂದ ಮೇಲೆ ನಮ್ಮ ಬೀದಿಗಳಲ್ಲಿಯೇ ಇರುವ ಮಸಿ ಮೆತ್ತಿದ ಮಕ್ಕಳನ್ನು ನೋಡಿರಿ. ಉಪಾಹಾರ ಗೃಹಗಳ ಹಿತ್ತಲಲ್ಲಿ, ಬಸ್ ನಿಲ್ದಾಣದ ಮೂಲೆಯಲ್ಲಿ ಅವರು ನಿಮಗಾಗಿ ಕಾದಿದ್ದಾರೆ. ರತ್ತಿಯವರು ಕೊಟ್ಟಂತೆ ನೀವೂ ವಾರಕ್ಕೊಂದು ಸಂಜೆಯನ್ನು ಅವರಿಗೆ ಕೊಟ್ಟರೆ ನಿಮ್ಮ ಆರೋಹಣ ಪೂರ್ಣವಾದೀತು.

ನೂರು ವರ್ಷಗಳಿಂದ ನಮ್ಮ ಹಿರಿಯರು ಒಂದೇ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಂಡು, ಬಿದ್ದವರನ್ನು ಎತ್ತಿಕೊಂಡು ಈ ಧರ್ಮಕೇಂದ್ರವನ್ನು ಇಲ್ಲಿಯವರೆಗೆ ತಂದಿದ್ದಾರೆ. ಅವರಲ್ಲಿ ಎಷ್ಟೋ ಜನ ಈಗ ಶಿಖರವನ್ನು ಸೇರಿದ್ದಾರೆ. ಹಗ್ಗದ ತುದಿ ನಮ್ಮ ಕೈಯಲ್ಲಿದೆ. ಕತ್ತಲೆ ಕವಿದಾಗ ಹೆದರಿ ಓಡದೆ, ಒಬ್ಬರನ್ನೊಬ್ಬರು ಎಚ್ಚರಿಸುತ್ತ ಬೆಳಗನ್ನು ಕಾಯುವ ಕೃಪೆಯನ್ನು, ಬೆಟ್ಟಗಳನ್ನು ಸೃಜಿಸಿದ ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.